ಒಂದೇ ಕೈಗೆ ಬಳೆ

“ಗುರುಗಳೇ, ತಾನಾಗಿ ಮಾಯ್ದ ಗಾಯವನ್ನು ಮತ್ತೆ ಕೆದಕುವುದು ಜಾಣತನವೇ?”

ಕೇಳಿದವನು ಮುಕುಂದ, ಮಠದಲ್ಲಿ ಓದು ಮುಗಿಸಿದ್ದ ಶಿಷ್ಯ. ಮುಂದಿನ ತಿಂಗಳು ಅವನ ಮದುವೆ. ಶೆಕೆಯ ದಿನವಾದರೂ ಎರಡೂ ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡು ಕುಳಿತಿದ್ದ. ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಕೆಟ್ಟವನೇನಲ್ಲ. ವ್ಯಾಪಾರಕ್ಕೆಂದು ದೂರದ ಊರಿಗೆ ಹೋದಾಗ ಒಮ್ಮೆ ಹೆಣ್ಣಿನ ವಿಷಯದಲ್ಲಿ ಕಾಲು ಜಾರಿದ. ಮನೆಗೆ ಬಂದ ಕೆಲವು ವಾರಕ್ಕೆ, ಯಾರಿಗೂ ತೋರಿಸಲಾಗದ ಜಾಗದಲ್ಲಿ ಒಂದು ಹುಣ್ಣು ಎದ್ದಿತು. ನೋವಿಲ್ಲ, ಉರಿಯಿಲ್ಲ. ನೋವಿದ್ದಿದ್ದರೆ ವೈದ್ಯರಲ್ಲಿಗೆ ಓಡುತ್ತಿದ್ದ. ನಾವೆಲ್ಲ ಅಷ್ಟೇ, ಕೂಗುವ ರೋಗಕ್ಕೆ ಮಾತ್ರ ಕಿವಿಗೊಡುತ್ತೇವೆ. ತಿಂಗಳೊಪ್ಪತ್ತಿನಲ್ಲಿ ಹುಣ್ಣು ತಾನಾಗಿ ಮಾಯಿತು. ಶನಿ ತೊಲಗಿತು ಎಂದುಕೊಂಡ.

ಮತ್ತೆ ಕೆಲವು ವಾರ ಕಳೆದು ಅಂಗೈ ಅಂಗಾಲಿನಲ್ಲಿ ತಾಮ್ರದ ಬಣ್ಣದ ಚುಕ್ಕೆಗಳು ಎದ್ದವು. ತುರಿಕೆಯೂ ಇಲ್ಲ. ಈ ಸಲ ಹೆದರಿ ದೇವರಿಗೆ ಹರಕೆ ಹೊತ್ತ. ಚುಕ್ಕೆಗಳೂ ಹೋದವು. ಹರಕೆಯಂತೆ ಬೆಳ್ಳಿಯ ಒಂದು ಕೈ ಮಾಡಿಸಿ ಗುಡಿಗೆ ಒಪ್ಪಿಸಿದ. ಮೊದಲಿನ ಹುಣ್ಣಿಗೆ ಮಾತ್ರ ಏನೂ ಒಪ್ಪಿಸಲಿಲ್ಲ. ಪಾಪ, ಅಕ್ಕಸಾಲಿಗನಿಗೆ ಏನು ಮಾಡಿಕೊಡು ಎಂದು ಹೇಳಿಯಾನು?

ಆ ವರ್ಷವೇ ಹೆಂಡತಿ ಬಸುರಾದಳು. ಮದುವೆಯಾಗಿ ಎಂಟು ವರ್ಷಕ್ಕೆ ಮೊದಲ ಬಸಿರು. ಆಸ್ಪತ್ರೆಯ ನರ್ಸು ಗಂಡ ಹೆಂಡತಿ ಇಬ್ಬರೂ ಗುಪ್ತರೋಗದ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದಳು. ಬಂದ ಬಸುರಿಯರಿಗೆಲ್ಲ ಹೇಳುವ ಮಾತೇ ಅದು. ವರ್ತಕನಿಗೆ ಸಿಟ್ಟು ಬಂತು. ನಮ್ಮದು ಮರ್ಯಾದಸ್ಥರ ಮನೆ ಎಂದು ಹೆಂಡತಿಯನ್ನು ಕರೆದುಕೊಂಡು ಬಂದುಬಿಟ್ಟ. ರೋಗವೇನು ಮನೆತನ ವಿಚಾರಿಸಿಕೊಂಡು ಬರುತ್ತದೆಯೇ?

ಐದನೆಯ ತಿಂಗಳಲ್ಲಿ ಬಸುರಿಗೆ ಬಳೆ ತೊಡಿಸುವ ಶಾಸ್ತ್ರ. ವಯಸ್ಸಾದ ಬಳೆಗಾರ್ತಿಯೊಬ್ಬಳು ಬಂದಳು. ಎಡಗೈಗೆ ಹಸಿರು ಬಳೆ ತೊಡಿಸಿದಳು. ಬಲಗೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಅದೇ ತಾಮ್ರದ ಚುಕ್ಕೆ. ಅಂಥ ಚುಕ್ಕೆಯನ್ನು ಅವಳು ಮೊದಲು ಕಂಡದ್ದು ತನ್ನದೇ ಕೈಯಲ್ಲಿ. ಬಾಯಿ ಬಿಟ್ಟರೆ ಆ ಪೇಟೆಯಲ್ಲಿ ಯಾರೂ ಮತ್ತೆ ಅವಳನ್ನು ಮನೆಗೆ ಕರೆಯಲಾರರು. ಬಿಡದಿದ್ದರೆ ಮಗು ಉಳಿಯುವುದು ಅನುಮಾನ. ಮುದುಕಿ ಬಳೆಗಳನ್ನು ಗಂಟುಕಟ್ಟಿ ಎದ್ದು ನಿಂತಳು. ಒಂದೇ ಕೈಗೆ ಬಳೆ, ಎಂಥ ಅಪಶಕುನ ಎಂದು ಮುತ್ತೈದೆಯರು ಗಾಬರಿಯಾದರು. ಹೊರಗಿದ್ದ ವರ್ತಕ ಓಡಿ ಬಂದ. ಅವಳು ಅವನೊಬ್ಬನನ್ನೇ ಹಿತ್ತಿಲಿಗೆ ಕರೆದಳು.

‘ಸ್ವಾಮಿ, ಅಮ್ಮನ ಕೈಲಿರೋ ಚುಕ್ಕೆ ನಿಮಗೂ ಬಂದಿತ್ತಾ?’

‘ಬಂದಿತ್ತು, ಹೋಯ್ತು. ದೇವರಿಗೆ ಬೆಳ್ಳಿ ಕೈ ಒಪ್ಪಿಸಿದ್ದೂ ಆಯ್ತು. ನೀನು ಸುಮ್ಮನೆ ಬಳೆ ತೊಡಿಸು.’

‘ಹೋಗಿಲ್ಲ ಸ್ವಾಮಿ. ನಿಮ್ಮ ರಕ್ತದಲ್ಲಿ ಅಡಗಿ ಕೂತದೆ, ಈಗ ಅಮ್ಮನಿಗೂ ಬಂದದೆ. ನಾನೂ ಹಿಂಗೇ ಹೋಯ್ತು ಅಂದ್ಕೊಂಡಿದ್ದೆ. ಎರಡು ಕೂಸು ಹೊಟ್ಟೇಲೇ ಸತ್ತ ಮೇಲೆ ಡಾಕ್ಟರು ರಕ್ತ ನೋಡಿ ಹೇಳಿದರು. ಇಬ್ಬರೂ ಈಗಲೇ ಆಸ್ಪತ್ರೆಗೆ ಹೋಗಿ ಬನ್ನಿ. ಇನ್ನೊಂದು ಕೈಗೆ ಆಮೇಲೆ ತೊಡಿಸ್ತೀನಿ.’

ಬಸುರಿಯ ಒಂದು ಕೈ ಬರಿದಾಗಿ ಬಿಡುವಂತಿಲ್ಲ. ಮರ್ಯಾದೆಗೆ ಅಂಜಿ ಪರೀಕ್ಷೆ ಬೇಡವೆಂದವನು ಅಪಶಕುನಕ್ಕೆ ಅಂಜಿ ಆಸ್ಪತ್ರೆಗೆ ಹೋದ. ಇರಲಿ, ಹೋದನಲ್ಲ. ಚೂರು ರಕ್ತ ತೆಗೆದು ನೋಡಿದರು. ಇಬ್ಬರಿಗೂ ಸಿಫಿಲಿಸ್ ಇತ್ತು. ಹಿಂದಿನವರು ಪರಂಗಿ ಹುಣ್ಣು ಎನ್ನುತ್ತಿದ್ದುದು ಇದನ್ನೇ. ಮೈಮೇಲಿನ ಗುರುತು ಅಳಿಸಿದರೂ ರೋಗ ಅಳಿಯುವುದಿಲ್ಲ, ಹತ್ತಿಪ್ಪತ್ತು ವರ್ಷ ಸುಮ್ಮನಿದ್ದು ಹೃದಯವನ್ನೋ ಮಿದುಳನ್ನೋ ಹಾಳುಮಾಡೀತು ಎಂದು ವೈದ್ಯರು ಹೇಳಿದರು. ಇಬ್ಬರಿಗೂ ಪೆನಿಸಿಲಿನ್ ಚುಚ್ಚಿದರು. ನರ್ಸು ಹೇಳಿದಾಗಲೇ ಬರಬೇಕಿತ್ತು, ಆದರೂ ಕಾಲ ಮೀರಿಲ್ಲ ಎಂದರು. ಆ ಸಂಜೆಯೇ ಬಲಗೈಗೂ ಬಳೆ ಬಂತು.

ಹೆಂಡತಿ ಹೆರಿಗೆಯವರೆಗೆ ಗಂಡನೊಡನೆ ಮಾತಾಡಲಿಲ್ಲ. ಅದು ನ್ಯಾಯವೇ. ಒಂಬತ್ತು ತುಂಬಿ ಹೆಣ್ಣುಮಗು ಹುಟ್ಟಿತು. ವೈದ್ಯರು ಅದರ ರಕ್ತವನ್ನೂ ಪರೀಕ್ಷಿಸಿ ಭಯವಿಲ್ಲ ಎಂದರು. ತೊಟ್ಟಿಲ ಶಾಸ್ತ್ರದ ದಿನ ಆ ಮುದುಕಿಯೇ ಬಂದು ಮಗುವಿನ ಎರಡೂ ಕೈಗೆ ಕರಿಬಳೆ ತೊಡಿಸಿದಳು. ತನ್ನ ಕೂಸುಗಳನ್ನು ನೆನೆದು ಅತ್ತಳು. ಅದನ್ನು ಹೇಳುವಾಗ ನನಗೂ ಕಣ್ಣು ತುಂಬುತ್ತದೆ.

ಗುರುಗಳು ಕತೆ ನಿಲ್ಲಿಸಿದರು. ಮುಕುಂದ ನೆಲ ನೋಡುತ್ತ ಕೇಳಿದ:

“ಆ ಬೆಳ್ಳಿಯ ಕೈ ಏನಾಯಿತು?”

“ಗುಡಿಯಲ್ಲೇ ಇದೆ. ಅದಿರಲಿ, ಮೂರು ದಿನದಿಂದ ನೀನು ತೀರ್ಥಕ್ಕೆ ಕೈ ಒಡ್ಡಿಲ್ಲವಲ್ಲ, ಯಾಕಪ್ಪ?”