ಸಾವಿರ ಬೀಗದ ದೊರೆಗೆ ಪುರುಸೊತ್ತಿಲ್ಲ

ಮೊದಲು ಕಾಲು ಒಳಗೆ ಎಳಕೊ, ಕಂಬಳಿ ಸರಿಯಾಗಿ ಹೊದ್ದುಕೊ, ಆಮೇಲೆ ಕತೆ. ದೇಶ ಆಳೋರಿಗೆ ದಿನಾ ಎಷ್ಟು ಕೆಲಸ ಇರುತ್ತಜ್ಜಿ ಅಂತ ಊಟಕ್ಕೆ ಕೂತಾಗಿನಿಂದ ನನ್ನ ತಲೆ ತಿಂತಿದ್ದೀಯಲ್ಲ, ಹೇಳ್ತೀನಿ ಕೇಳು. ಕೇಳಿ ನಿನಗೂ ನನ್ನ ಹಾಗೇ ಸಿಟ್ಟು ಬಂದರೆ ಅದಕ್ಕೆ ನಾನು ಜವಾಬ್ದಾರಳಲ್ಲ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ಸೀಗೆಪಟ್ಟಣ ಅಂತ ಒಂದು ರಾಜ್ಯ ಇತ್ತಂತೆ, ಅದಕ್ಕೆ ಕೆಂಚರಸ ಅಂತ ಒಬ್ಬ ದೊರೆ. ಕೆಟ್ಟೋನಲ್ಲ ಪಾಪ. ಕುಡೀತಿರಲಿಲ್ಲ, ಜೂಜಾಡ್ತಿರಲಿಲ್ಲ, ಕೋಳಿ ಕೂಗೋ ಮುಂಚೆ ಎದ್ದರೆ ದೀಪ ಹಚ್ಚೋ ತನಕ ಕೂತು ಒಂದು ತುತ್ತು ಉಣ್ಣೋಕೂ ಅವನಿಗೆ ಪುರುಸೊತ್ತಿರಲಿಲ್ಲ, ನಿಂತಲ್ಲೇ ಒಂದು ಹಿಡಿ ಅವಲಕ್ಕಿ ಬಾಯಿಗೆ ಹಾಕಿಕೊಂಡು ಓಡ್ತಿದ್ದನಂತೆ. ಜನ ಎಲ್ಲ ಅಯ್ಯೋ ನಮ್ಮ ದೊರೆ ಎಷ್ಟು ದುಡೀತಾರೆ, ಇಂಥ ದೊರೆ ಯಾರಿಗುಂಟು ಅಂತ ಕೈ ಮುಗೀತಿದ್ದರಂತೆ. ದುಡೀತಿದ್ದ, ಇಲ್ಲ ಅನ್ನೋಲ್ಲ ನಾನು. ಏನು ದುಡೀತಿದ್ದ ಅಂತ ಮಾತ್ರ ಯಾರೂ ಕೇಳಲಿಲ್ಲ ನೋಡು.

ಏನಾಗಿತ್ತು ಅಂದರೆ, ಅವನು ಪಟ್ಟಕ್ಕೆ ಬಂದ ಹೊಸದರಲ್ಲಿ ಅರಮನೆ ಉಗ್ರಾಣದಲ್ಲಿ ಎರಡು ಅಚ್ಚು ಬೆಲ್ಲ ಕಾಣೆಯಾಯ್ತಂತೆ. ಇಲಿ ತಿಂದಿತ್ತೋ ಇರುವೆ ಹೊತ್ತುಕೊಂಡು ಹೋಗಿತ್ತೋ ದೇವರಿಗೇ ಗೊತ್ತು. ದೊರೆ ಮಾತ್ರ, ಯಾರನ್ನೂ ನಂಬೋ ಕಾಲ ಅಲ್ಲ ಇದು ಅಂದು ಉಗ್ರಾಣಕ್ಕೆ ಬೀಗ ಜಡಿಸಿ ಬೀಗದಕೈ ತನ್ನ ಸೊಂಟಕ್ಕೆ ಕಟ್ಟಿಕೊಂಡನಂತೆ. ಆಮೇಲೆ ಉಗ್ರಾಣಕ್ಕೆ ಹಾಕಿದ ಮೇಲೆ ಉಪ್ಪಿನ ಕೋಣೆ ಯಾಕೆ ಬಿಡಬೇಕು ಅಂತ ಅದಕ್ಕೊಂದು, ಆಮೇಲೆ ಎಣ್ಣೆ ಕೋಣೆಗೊಂದು, ಆಮೇಲೆ ಆನೆಗೆ ಹಾಕೋ ಹುಲ್ಲಿನ ಕೊಟ್ಟಿಗೆಗೊಂದು, ಆಮೇಲೆ ರಾಣಿ ಉಪ್ಪಿನಕಾಯಿ ಜಾಡಿ ಇಡ್ತಿದ್ದಳಲ್ಲ ಆ ಗೂಡು, ಅದಕ್ಕೂ ಒಂದು ಬೀಗ. ಹೀಗೇ ಬೆಳೀತಾ ಬೆಳೀತಾ ಸಾವಿರ ಬೀಗ ಆಯ್ತಂತೆ, ಬೀಗದಕೈಗೆ ಲೆಕ್ಕವೇ ಇಲ್ಲ. ಅಷ್ಟನ್ನ ಸೊಂಟ ತಡೆಯುತ್ತಾ, ತಡೀಲಿಲ್ಲ, ಬಿದಿರ ಬೊಂಬಿಗೆ ಪೋಣಿಸಿ ಮುಂದೊಬ್ಬ ಹಿಂದೊಬ್ಬ ಆಳು ಹೊತ್ತುಕೊಂಡು ದೊರೆ ಹಿಂದೆ ಓಡೋದು.

ಬೆಳಿಗ್ಗೆ ಎದ್ದ ಕೂಡಲೆ ಹಾಲಿನ ಕೋಣೆ ತೆಗೆಯೋನು, ಅಷ್ಟು ಹೊತ್ತಿಗೆ ಅಡುಗೆಯವನು ಬುದ್ದಿ ಉಪ್ಪು ಅನ್ನೋನು, ಉಪ್ಪು ತೆಗೆದುಕೊಟ್ಟು ಬೀಗ ಹಾಕಿ ಒಂದು ಸಲ ಜಗ್ಗಿ ನೋಡೋ ಹೊತ್ತಿಗೆ ಮಾವುತ ಬುದ್ದಿ ಆನೆಗೆ ಹುಲ್ಲು ಅನ್ನೋನು, ಹುಲ್ಲಿನ ಕೊಟ್ಟಿಗೆ ಅರಮನೆಯ ಆ ತುದಿ, ಅಲ್ಲಿಗೆ ಓಡಿ ಬಾಗಿಲು ತೆಗೆಯೋ ಹೊತ್ತಿಗೆ ಅಡುಗೆಯವನು ಮತ್ತೆ ಬಂದು ನಿಲ್ಲೋನು, ಬುದ್ದಿ ಮೆಣಸು ಮರೆತಿದ್ದೆ ಅಂತ. ಇದನ್ನೆಲ್ಲ ಬರೆದಿಡೋಕೆ ತಿಪ್ಪಾಜಿ ಅಂತ ಒಬ್ಬ ಮಂತ್ರಿ ಬೇರೆ, ಕಂಕುಳಲ್ಲಿ ದೊಡ್ಡ ಕಡತ, ದೊರೆಯ ದಿನಚರಿ ನೋಡಿಕೊಳ್ಳೋದೇ ಅವನ ಕೆಲಸ. ಸಂಜೆಯಾದರೆ ಇವತ್ತು ಮಹಾಸ್ವಾಮಿಗಳು ನಾನೂರ ಹನ್ನೆರಡು ಬೀಗ ತೆಗೆದು ನಾನೂರ ಹನ್ನೆರಡು ಬೀಗ ಹಾಕಿದರು ಅಂತ ಊರಲ್ಲೆಲ್ಲ ಡಂಗುರ ಹೊಡೆಸೋನು, ಜನ ಭಲೇ ಭಲೇ ಅನ್ನೋರು.

ನನಗೆ ಇಲ್ಲೇ ಮೈ ಉರಿಯೋದು. ಅಷ್ಟು ಜನದಲ್ಲಿ ಒಬ್ಬನಾದರೂ, ಅಲ್ಲ ಸ್ವಾಮಿ, ಉಪ್ಪಿನ ಕೋಣೆ ಬೀಗದಕೈ ಅಡುಗೆಯವನ ಹತ್ತಿರ ಇದ್ದರೆ ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ ಅಂತ ಕೇಳಬಾರದಾ? ಕೇಳಲಿಲ್ಲ. ಬೀಗ ಮುರಿಯೋಣ ಅಂದರೆ ಅದಕ್ಕೂ ಕಟ್ಟಳೆ ಮಾಡಿಟ್ಟಿದ್ದ, ದೊರೆಯ ಬೀಗ ಮುರಿದವರ ಕೈ ಕಡೀಬೇಕು ಅಂತ.

ನಗಬೇಡ, ಮುಂದೆ ಕೇಳು. ಪಟ್ಟಣದಿಂದ ಒಂದು ಹರಿದಾರಿ ದೂರದಲ್ಲಿ ಒಂದು ದೊಡ್ಡ ಕೆರೆ, ಕೆರೆ ಏರಿಯ ಕೆಳಗೆ ನಲವತ್ತು ಮನೆಯ ಒಂದು ಹಳ್ಳಿ. ಆ ಕೆರೆಗೆ ದ್ಯಾವಮ್ಮ ಅನ್ನೋಳು ನೀರುಗಂಟಿ. ನೀರುಗಂಟಿ ಅಂದರೆ ತೂಬಿನ ಗೂಟ ಎತ್ತಿ ಯಾವ ಗದ್ದೆಗೆ ಎಷ್ಟು ನೀರು ಅಂತ ಬಿಡೋರು, ಏರಿ ಕಾಯೋರು. ಗಂಡ ಮಾಡ್ತಿದ್ದ ಕೆಲಸ, ಅವನು ಹೋದ ಮೇಲೆ ಇವಳು ಮಾಡ್ತಿದ್ದಳು. ದೊರೆ ಆ ತೂಬಿನ ಗೂಟಕ್ಕೂ ಸರಪಳಿ ಸುತ್ತಿ ಬೀಗ ಹಾಕಿದ್ದನಂತೆ, ನೀರನ್ನೂ ಯಾರಾದರೂ ಕದ್ದುಕೊಂಡು ಹೋದಾರು ಅಂತ. ತಾನು ಬಂದಾಗ ಬಿಟ್ಟರೆ ನೀರು, ಇಲ್ಲದಿದ್ದರೆ ಇಲ್ಲ.

ಆ ವರ್ಷ ಮಳೆ ಹುಯ್ದಿದ್ದೇ ಹುಯ್ದಿದ್ದು. ಕೆರೆ ತುಂಬಿ ಕೋಡಿ ಹರೀತು, ಅದು ಸಾಲದೆ ಒಂದು ಬೆಳಿಗ್ಗೆ ದ್ಯಾವಮ್ಮ ಏರಿ ಮೇಲೆ ನಡೀತಾ ಇದ್ದರೆ ಕೆಳಗಡೆ ಒಂದು ಕಡೆ ನೂಲಿನಷ್ಟು ಸಣ್ಣಗೆ ನೀರು ಜಿನುಗ್ತಾ ಇತ್ತಂತೆ, ಯಾವುದೋ ಏಡಿ ಬಿಲ ತೋಡಿಬಿಟ್ಟಿತ್ತು. ತೂಬು ತೆಗೆದು ನೀರು ಇಳಿಸಿದರೆ ಏರಿ ಉಳಿಯುತ್ತೆ, ಇಲ್ಲದಿದ್ದರೆ ಏರಿ ಒಡೆದು ನಲವತ್ತು ಮನೆ, ಮಕ್ಕಳು ಮರಿ, ದನ ಕರು ಎಲ್ಲ ಕೊಚ್ಚಿಕೊಂಡು ಹೋಗುತ್ತೆ. ತೂಬಿನ ಬೀಗದಕೈ ದೊರೆ ಹತ್ತಿರ.

ಅವಳು ಸೆರಗು ಸಿಕ್ಕಿಸಿಕೊಂಡು ಒಂದೇ ಉಸಿರಿಗೆ ಪಟ್ಟಣಕ್ಕೆ ಹೋದಳಂತೆ. ಹೋದರೆ ಬಾಗಿಲಲ್ಲೇ ತಿಪ್ಪಾಜಿ. ಏರಿ ಜಿನುಗ್ತಾ ಇದೆ ಸ್ವಾಮಿ, ದೊರೆಗೆ ಹೇಳಬೇಕು ಅಂದರೆ ಅವನು ಕಡತ ಬಿಚ್ಚಿ, ಇವತ್ತು ದೊರೆಗೆ ಉಸಿರಾಡೋಕೆ ಪುರುಸೊತ್ತಿಲ್ಲ, ನಾಳೆ ಇಲ್ಲ, ನಾಡಿದ್ದು ನವಿಲಿನ ಗೂಡಿನ ಬೀಗಕ್ಕೆ ಎಣ್ಣೆ ಬಿಡೋದಿದೆ, ಬರೋ ಅಮಾವಾಸ್ಯೆ ಕಳೆದು ಬಾ ಅಂದನಂತೆ. ಏರಿ ಅಮಾವಾಸ್ಯೆ ತನಕ ಕಾಯುತ್ತಾ ಸ್ವಾಮಿ ಅಂತ ಕೇಳಿದ್ದಕ್ಕೆ, ಏರಿಯ ಹೆಸರು ಕಡತದಲ್ಲಿ ಇಲ್ಲವಲ್ಲ ಅಂದನಂತೆ. ಬುದ್ಧಿವಂತ.

ಅವಳು ವಾಪಸ್ಸು ಬಂದು ನೋಡಿದರೆ ನೂಲಿನಷ್ಟಿದ್ದ ನೀರು ಬೆರಳಿನಷ್ಟಾಗಿತ್ತು. ಮಾರನೆ ದಿನ ಮತ್ತೆ ಹೋದಳು. ಈ ಸಲ ತಿಪ್ಪಾಜಿಯನ್ನ ಕೇಳೋಕೇ ಹೋಗಲಿಲ್ಲ, ಹೂವಿನೋರ ಜತೆ ಹಿತ್ತಲ ಕಡೆಯಿಂದ ನುಗ್ಗಿ ಎಣ್ಣೆ ಕೋಣೆ ಮುಂದೆ ದೊರೆಯ ಕಾಲಿಗೇ ಬಿದ್ದಳಂತೆ. ದೊರೆ ಕೇಳಿಸಿಕೊಂಡ. ಕೇಳಿಸಿಕೊಂಡಿದ್ದೇ ತಡ, ಈಗಲೇ ತೆಗೀತೀನಿ ತಾಯಿ ಅಂತ ಬೊಂಬು ಇಳಿಸಿ ತೂಬಿನ ಬೀಗದಕೈ ಹುಡುಕೋಕೆ ಕೂತ. ಇದಲ್ಲ, ಇದು ಬಾವಿ ಮನೇದು, ಇದಲ್ಲ, ಇದು ಜೇನುತುಪ್ಪದ್ದು, ಇದು ಯಾವುದೋ ನನಗೇ ಗೊತ್ತಿಲ್ಲ. ಹುಡುಕ್ತಾ ಹುಡುಕ್ತಾ ಮಧ್ಯಾಹ್ನ ಆಯ್ತು, ಅಷ್ಟರಲ್ಲಿ ಆನೆ ಹಸಿದು ಘೀಳಿಡ್ತು, ಅಡುಗೆಯವನು ಬೇಳೆ ಬೇಳೆ ಅಂತ ಓಡಿ ಬಂದ, ಎಲ್ಲ ಒಟ್ಟಿಗೆ ಮುತ್ತಿಕೊಂಡರು, ದೊರೆ ನಾಳೆ ಖಂಡಿತ ತಾಯಿ ಅಂತ ಎದ್ದು ಓಡಿದನಂತೆ.

ಮೂರನೇ ದಿನ ನೀರು ಮುಂಗೈಯಷ್ಟು ದಪ್ಪಕ್ಕೆ ಬರ್ತಾ ಇತ್ತು, ಕೆಂಪು ಮಣ್ಣು ಕಲಸಿಕೊಂಡು. ಅಂದು ದೊರೆ ಬೀಗದಕೈ ಹುಡುಕಿಟ್ಟಿದ್ದ, ಮಾತಿಗೆ ತಪ್ಪಲಿಲ್ಲ, ಕುದುರೆ ಹತ್ತಿ ಹೊರಟೇಬಿಟ್ಟ. ದ್ಯಾವಮ್ಮ ಮುಂದೆ ಮುಂದೆ ದಾರಿ ತೋರಿಸ್ತಾ ಓಡಿದಳು. ಊರ ಬಾಗಿಲು ದಾಟಿರಲಿಲ್ಲ, ಹಿಂದಿನಿಂದ ಅಡುಗೆಯವನು ಏದುಸಿರು ಬಿಟ್ಕೊಂಡು ಬಂದು, ಬುದ್ದಿ ಉಪ್ಪಿಲ್ಲದೆ ಸಾರು ಒಲೆ ಮೇಲೆ ಹಾಗೇ ಕೂತಿದೆ, ಮುನ್ನೂರು ಜನ ಎಲೆ ಮುಂದೆ ಕೂತಿದ್ದಾರೆ ಅಂದನಂತೆ. ದೊರೆ ಕುದುರೆ ತಿರುಗಿಸಿದ. ಹಾಗಾದರೆ ತೂಬಿನ ಬೀಗದಕೈ ನನಗೆ ಕೊಡಿ ಬುದ್ದಿ, ತೆಗೆದು ವಾಪಸ್ಸು ತಂದುಕೊಡ್ತೀನಿ ಅಂತ ಅವಳು ಸೆರಗೊಡ್ಡಿ ಕೇಳಿದಳು. ಅದಕ್ಕವನು ಏನಂದ ಗೊತ್ತಾ ಕೂಸೇ, ಬೇರೆಯವರ ಕೈಗೆ ಕೊಟ್ಟು ಅಭ್ಯಾಸ ಇಲ್ಲ ತಾಯಿ ಅಂದನಂತೆ. ನಲವತ್ತು ಮನೆ ಮುಳುಗ್ತಾ ಇದೆ ಅಂದರೆ ಇವನಿಗೆ ಅಭ್ಯಾಸ ಇಲ್ಲವಂತೆ. ನಾನಾಗಿದ್ದರೆ ಕುದುರೆ ಮೇಲಿಂದ ಎಳೆದು ಕೆಡವ್ತಿದ್ದೆ.

ದ್ಯಾವಮ್ಮ ನನ್ನಂಗೆ ಬಾಯಿಬಡುಕಿ ಅಲ್ಲ. ನೇರ ಹಿಂದಕ್ಕೆ ಬಂದಳು, ಹಳ್ಳಿಯೋರನ್ನ ಕರೆದಳು, ಬೀಗ ಒಡೀರಪ್ಪ ಅಂದಳು. ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರಂತೆ. ಕೈ ಯಾರಿಗೆ ಬೇಡ ಹೇಳು. ಆಗ ಅವಳೇ ಒಂದು ಗುಂಡುಕಲ್ಲು ಎತ್ತಿಕೊಂಡು ತೂಬಿನ ಮೇಲೆ ಹತ್ತಿ ಒಂದು ಹಾಕಿದಳು, ಎರಡು ಹಾಕಿದಳು, ಮೂರನೇ ಏಟಿಗೆ ಬೀಗ ಬಾಯಿ ಬಿಡ್ತು. ಆಮೇಲೆ ಎಲ್ಲರೂ ಸೇರಿ ಗೂಟ ಎತ್ತಿದರು, ನೀರು ಭೋರಂತ ಕಾಲುವೆಗೆ ಹೋಯ್ತು, ಹೊತ್ತು ಮುಳುಗೋದರೊಳಗೆ ಕೆರೆ ಒಂದಾಳು ಇಳೀತು, ಬಿಲಕ್ಕೆ ಹುಲ್ಲು ಮಣ್ಣು ತುರುಕಿದರು. ಏರಿ ನಿಲ್ತು. ನಲವತ್ತು ಮನೇಲೂ ಒಲೆ ಉರೀತು.

ಮಾರನೆ ದಿನ ಅವಳಾಗಿ ಅವಳೇ ಪಟ್ಟಣಕ್ಕೆ ಹೋಗಿ, ಬೀಗ ಮುರಿದೋಳು ನಾನು, ಬೇರೆ ಯಾರನ್ನೂ ಹಿಡೀಬೇಡಿ ಅಂತ ತಿಪ್ಪಾಜಿಗೆ ಹೇಳಿದಳಂತೆ. ತಿಪ್ಪಾಜಿ ಹೌಹಾರಿದ. ಕೈ ಕಡೀಬೇಕು, ಸರಿ, ಆದರೆ ವಿಚಾರಣೆ ದೊರೆಯೇ ಮಾಡಬೇಕು, ಕೊಡಲಿ ಇರೋದು ಆಯುಧದ ಕೋಣೇಲಿ, ಅದರ ಬೀಗವೂ ದೊರೆಯೇ ತೆಗೀಬೇಕು. ಕಡತ ಮಗುಚಿ ಮಗುಚಿ ನೋಡಿ ಬೆವರು ಒರೆಸಿಕೊಂಡು, ದೊರೆಗೆ ಪುರುಸೊತ್ತಿಲ್ಲ, ಕರೆಸಿದಾಗ ಬಾ, ಅಲ್ಲೀತನಕ ಕೈ ಜೋಪಾನ ಅಂತ ಕಳಿಸಿದನಂತೆ.

ಅಲ್ಲೇ ಉಪ್ಪಿಗೆ ಕಾಯ್ತಾ ನಿಂತಿದ್ದ ಅಡುಗೆಯವನು ಇದನ್ನ ಕೇಳಿಸಿಕೊಂಡ. ಓಹೋ, ಬೀಗ ತೆಗೆಯೋಕೂ ದೊರೆಗೆ ಪುರುಸೊತ್ತಿಲ್ಲ, ಬೀಗ ಮುರಿದೋರ ಕೈ ಕಡಿಯೋಕೂ ಪುರುಸೊತ್ತಿಲ್ಲ. ಮಾರನೆ ದಿನ ಒನಕೆ ತಗೊಂಡು ಉಪ್ಪಿನ ಕೋಣೆ ಬೀಗಕ್ಕೆ ಹಾಕಿದನಂತೆ. ಆಮೇಲೆ ಮಾವುತ ಆನೆಗೆ ಹೇಳಿ ಹುಲ್ಲಿನ ಕೊಟ್ಟಿಗೆ ಬಾಗಿಲನ್ನೇ ಕೀಳಿಸಿದ. ಆಮೇಲೆ ರಾಣಿ, ಎಷ್ಟು ದಿನ ಸಪ್ಪೆ ಮಜ್ಜಿಗೆ ಅನ್ನ ಉಂಡಿದ್ದಳೋ, ಹಿತ್ತಾಳೆ ಚೊಂಬಲ್ಲಿ ಉಪ್ಪಿನಕಾಯಿ ಗೂಡಿನ ಬೀಗ ಜಜ್ಜಿದಳು. ತಿಪ್ಪಾಜಿ ಎಲ್ಲರ ಹೆಸರೂ ಕಡತದಲ್ಲಿ ಬರೆದುಕೊಂಡ, ಬರೆದು ಬರೆದು ಬೆರಳು ಊದಿತು. ಒಂದು ಸೋಜಿಗ ನೋಡು, ಬೀಗ ಒಂದೊಂದೇ ಹೋದಂಗೆ ಸಾರಿಗೆ ಹೊತ್ತು ಹೊತ್ತಿಗೆ ಉಪ್ಪು ಬಿತ್ತು, ಆನೆ ದಪ್ಪಗಾಯ್ತು, ದೀಪಕ್ಕೆ ಎಣ್ಣೆ ತಡವಾಗಲಿಲ್ಲ. ಎಲ್ಲೂ ಒಂದು ಅಚ್ಚು ಬೆಲ್ಲ ಕಾಣೆಯಾಗಲಿಲ್ಲ.

ಅಷ್ಟು ದಿನವೂ ಉಳಿದ ಬೀಗಗಳ ಹಿಂದೆ ಓಡ್ತಿದ್ದ ದೊರೆಗೆ ಇದು ಗೊತ್ತೇ ಆಗಿರಲಿಲ್ಲ. ಹನ್ನೆರಡನೇ ದಿನ ಎದ್ದು ಬೊಂಬಿನೋರ ಜತೆ ಹೊರಟ. ಹಾಲಿನ ಕೋಣೆಗೆ ಹೋದ, ತೆಗೆದಿತ್ತು. ಉಗ್ರಾಣಕ್ಕೆ ಹೋದ, ತೆಗೆದಿತ್ತು. ಬುದ್ದಿ ಅಂತ ಯಾರೂ ಕೂಗಲಿಲ್ಲ. ಅವನು ಬಂದು ಜಗಲಿ ಮೇಲೆ ಕೂತನಂತೆ, ಕೂತು ಅಭ್ಯಾಸವೇ ಇರಲಿಲ್ಲ, ಎಲ್ಲಿ ಕೈ ಇಡಬೇಕು ಅಂತಲೂ ತಿಳೀಲಿಲ್ಲವಂತೆ. ಇಷ್ಟು ವರ್ಷ ನಾನು ಮಾಡಿದ್ದೇನು ಅಂತ ಯೋಚನೆ ಬಂತು, ಅದರ ಹಿಂದೆಯೇ ಭಯ ಬಂತು, ಭಯದ ಹಿಂದೆ ಸಿಟ್ಟು. ಇದಕ್ಕೆಲ್ಲ ಮೊದಲು ಮಾಡಿದೋಳು ಯಾರು, ಅವಳನ್ನ ಎಳಕೊಂಡು ಬನ್ನಿ, ಆಯುಧದ ಕೋಣೆ ಕೊಡಲಿ ತನ್ನಿ ಅಂದನಂತೆ. ಅದೊಂದೇ ಉಳಿದಿದ್ದ ಬೀಗ, ಅದನ್ನ ಅವನೇ ತೆಗೆದುಕೊಟ್ಟ.

ಆಳುಗಳು ಹೋದಾಗ ದ್ಯಾವಮ್ಮ ಏರಿ ಮೇಲೆ ಮಣ್ಣು ಹೊರ್ತಾ ಇದ್ದಳು. ಹಾಗೇ ಕರಕೊಂಡು ಬಂದರು, ಮೊಣಕೈ ತನಕ ಮಣ್ಣು, ಕಂಕುಳಲ್ಲಿ ಬುಟ್ಟಿ. ಅರಮನೆ ಅಂಗಳದಲ್ಲಿ ಅಡುಗೆಯವನು, ಮಾವುತ, ರಾಣಿ, ಎಲ್ಲರೂ ಬಂದು ನಿಂತಿದ್ದರಂತೆ. ಅವಳ ಕೈ ಹೋದರೆ ಮುಂದೆ ತಮ್ಮದೇ.

ದೊರೆ ಕೊಡಲಿ ಹಿಡಿದು ಕೇಳಿದ, "ಯಾವ ಕೈಯಲ್ಲಿ ಮುರಿದೆ?"

ಅವಳು ಬುಟ್ಟಿ ಕೆಳಗಿಟ್ಟು ಎರಡೂ ಕೈ ಮುಂದೆ ಚಾಚಿದಳು.

"ಎರಡರಲ್ಲೂ ಮುರಿದೆ ಬುದ್ದಿ. ಬೇಕಾದರೆ ಎರಡೂ ತಗೊಳ್ಳಿ. ಆದರೆ ಇವತ್ತು ಬೇಡ. ಮುಂದಿನ ಮಳೆಗೆ ಮುಂಚೆ ಏರಿಗೆ ಮಣ್ಣು ಬೀಳಬೇಕು. ನನಗೆ ಪುರುಸೊತ್ತಿಲ್ಲ."

ಆ ಮಾತನ್ನ ದೊರೆ ದಿನಾ ನೂರು ಸಲ ಆಡ್ತಿದ್ದ, ಅವನಿಗೆ ಯಾರೂ ಆಡಿರಲಿಲ್ಲ. ಆ ಕೈ ನೋಡಿದ, ಉಗುರಲ್ಲೆಲ್ಲ ಕೆರೆ ಮಣ್ಣು. ತನ್ನ ಕೈ ನೋಡಿಕೊಂಡ, ಬೀಗದಕೈ ತಿರುಗಿಸಿ ತಿರುಗಿಸಿ ಕಿರುಬೆರಳಷ್ಟು ಅಗಲಕ್ಕೆ ಒಂದು ಜಡ್ಡು, ಅಷ್ಟೆ. ಆಮೇಲೆ, ಏರಿ ಹತ್ತಿರ ಇನ್ನೂ ಒಂದು ಬುಟ್ಟಿ ಇದೆಯಾ ತಾಯಿ ಅಂತ ಕೇಳಿದನಂತೆ. ಬುಟ್ಟಿಗೇನು ಬರ ಬುದ್ದಿ, ಹೊರೋರು ಬೇಕು ಅಂದಳು. ಕೊಡಲಿ ಅಲ್ಲೇ ಬಿಟ್ಟು ಅವಳ ಹಿಂದೆ ನಡೆದೇ ಹೋದ.

ಹನ್ನೊಂದು ಬುಟ್ಟಿ ಹೊತ್ತನಂತೆ. ದ್ಯಾವಮ್ಮ ನಲವತ್ತೈದು ಹೊತ್ತಳು, ಅದು ಬೇರೆ ಮಾತು. ಸೊಂಟ ಹಿಡಕೊಂಡು ಏರಿ ಮೇಲೆ ಕೂತ, ಅವಳು ಮುದ್ದೆ ಕೊಟ್ಟಳು, ಕೂತು ಉಂಡ. ಆಮೇಲೆ ಆ ಕಟ್ಟಳೆ ಹೋಯ್ತು, ಮುರಿದ ಬೀಗ ಎಲ್ಲ ಸರಿಮಾಡಿಸಿದ ಮೇಲೆ ಬೀಗದಕೈ ಯಾರ ಯಾರ ಕೆಲಸದ್ದೋ ಅವರವರ ಕೈ ಸೇರಿತು. ಹಂಚಿ ಮುಗಿಸಿದರೆ ಇನ್ನೂ ಮುನ್ನೂರು ಬೀಗದಕೈ ಉಳಿದವಂತೆ, ಅವಕ್ಕೆ ಮೊದಲಿಂದಲೂ ಬೀಗವೇ ಇರಲಿಲ್ಲ. ಅಷ್ಟು ವರ್ಷ ಸುಮ್ಮನೆ ಹೊರಿಸಿದ್ದ, ಅವನ ಮನೆ ಹಾಳಾಗ.

ತಿಪ್ಪಾಜಿಗೆ ಮಾತ್ರ ತಳಮಳ. ಕಡತ ಬಿಚ್ಚಿಕೊಂಡು ಬಂದು, ಮಹಾಸ್ವಾಮಿ, ನಾಳೆಯ ದಿನಚರಿಗೆ ಏನು ಬರೀಲಿ, ಒಂದು ಗೆರೆಯೂ ಇಲ್ಲವಲ್ಲ ಅಂತ ಅಳುಮೋರೆ ಹಾಕಿದನಂತೆ. ದೊರೆ ಆಕಳಿಸ್ತಾ ಹೇಳಿದ, "ಏನೂ ಬರೀಬೇಡ ತಿಪ್ಪಾಜಿ. ಖಾಲಿ ಬಿಡು. ಯಾರಾದರೂ ಬಂದಾರು."

ಬಂದರಂತೆ, ದಿನಾ ಬಂದರಂತೆ, ಅವನು ಕೂತು ಕೇಳಿದನಂತೆ. ಅವರು ಅಲ್ಲಿ ತಣ್ಣಗಿದ್ದರು, ನಾನು ಇಲ್ಲಿ ಬಾಯಿ ಒಣಗಿಸಿಕೊಂಡೆ, ಕತೆ ಮುಗೀತು, ಮಲಗು.