ಏಳನೆಯ ಸಾಲಿನ ಬಿಲ್ಲೆ

“ಗುರುಗಳೇ, ನಾನು ಮಾಡಿದ ಬ್ಲೂಟೂತ್ ಬಿಲ್ಲೆ ಕಟ್ಟಡದೊಳಗೆ ಮನುಷ್ಯ ನಿಂತ ಜಾಗವನ್ನು ಒಂದು ಗೇಣೂ ತಪ್ಪದೆ ತೋರಿಸುತ್ತದೆ. ಸೆಕೆಂಡಿಗೆ ಹತ್ತು ಸಲ ಸಂಕೇತ ಕಳಿಸುತ್ತದೆ. ಅದನ್ನು ಕಡಿಮೆ ಮಾಡು ಎನ್ನುತ್ತೀರಲ್ಲ, ಏಕೆ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ವರ್ತಕನಿದ್ದ. ಒಣಮೆಣಸಿನಕಾಯಿ ಇಡುವ ದೊಡ್ಡ ಶೀತಲಗೃಹ ಅವನದು. ಇದೆಲ್ಲ ನಡೆದಾಗ ನಾನು ಅಲ್ಲೇ ಇದ್ದೆ. ಇರಲಿಲ್ಲ ಎನ್ನುವವರೂ ಇದ್ದಾರೆ, ಬಿಡು. ಚೀಲಗಳು ಕುಸಿದು ಯಾರಾದರೂ ಸಿಕ್ಕಿಕೊಂಡರೆ ಬೇಗ ಹುಡುಕಲೆಂದು ಒಬ್ಬ ಕುಶಲಗಾರ್ತಿ ಹಮಾಲರಿಗೆಲ್ಲ ಬಿಲ್ಲೆ ಮಾಡಿಕೊಟ್ಟಿದ್ದಳು. ಅದು ಐದು ಸೆಕೆಂಡಿಗೊಮ್ಮೆ ಸಂಕೇತ ಕಳಿಸುತ್ತಿತ್ತು. ಯಾರು ಯಾವ ಸಾಲಿನಲ್ಲಿದ್ದಾರೆ ಎಂದಷ್ಟೇ ಕಚೇರಿಯ ಪರದೆಯ ಮೇಲೆ ಚುಕ್ಕಿ ಹೇಳುತ್ತಿತ್ತು.

ವರ್ತಕನಿಗೆ ಅದನ್ನು ಬಂದವರಿಗೆಲ್ಲ ತೋರಿಸುವ ಆಸೆ. “ನಿನ್ನ ಚುಕ್ಕಿ ಕಪ್ಪೆಯ ಹಾಗೆ ಕುಪ್ಪಳಿಸುತ್ತದಲ್ಲಮ್ಮ! ಇರುವೆಯ ಹಾಗೆ ಹರಿಯಬೇಕು.”

“ಹರಿಸಬಹುದು ಸಾಹುಕಾರರೇ. ಆದರೆ ಈ ಚಳಿಯಲ್ಲಿ ವರ್ಷ ಬಾಳುವ ಬ್ಯಾಟರಿ ವಾರ ಬಾಳದು.”

“ಅದು ನನ್ನ ಚಿಂತೆ.”

ಅವಳು ಬಿಲ್ಲೆಗಳನ್ನು ಸೆಕೆಂಡಿಗೆ ಹತ್ತು ಸಲ ಸಂಕೇತ ಕಳಿಸುವಂತೆ ಬದಲಾಯಿಸಿದಳು. ಹಮಾಲರ ಮುಖಂಡ ಮಾತ್ರ ತನ್ನದನ್ನು ಕೊಡಲಿಲ್ಲ. “ಮುಟ್ಟಬೇಡ ತಾಯಿ. ನಾನು ಒಳಗೆ ಹೋಗುವುದು ಚೀಲ ಹೊರಲು, ಕುಣಿದು ತೋರಿಸಲಿಕ್ಕಲ್ಲ” ಎಂದು ಎದೆ ಸೆಟೆದು ನಿಂತ.

ಮುನ್ನೂರು ಜನ ಬಂದು ಚುಕ್ಕಿ ಹರಿಯುವುದನ್ನು ನೋಡಿ ಚಪ್ಪಾಳೆ ತಟ್ಟಿದರು. ಸರಿ, ಮೂವತ್ತು ಎನ್ನು. ಆ ಚಪ್ಪಾಳೆಯಲ್ಲಿ ಬ್ಯಾಟರಿಯ ಚಿಂತೆ ಮರೆತುಹೋಯಿತು.

ಎಂಟನೆಯ ದಿನ ಮಧ್ಯಾಹ್ನ ಚೀಲಗಳು ಜರಿದವು. ಮುಖಂಡನೂ ಅವನ ಜೊತೆಗಾರನೂ ಅಡಿಯಲ್ಲಿ ಸಿಕ್ಕಿಕೊಂಡರು. ಪರದೆಯಲ್ಲಿ ಜೊತೆಗಾರನ ಚುಕ್ಕಿ ಬಾಗಿಲ ಬಳಿಯ ತಕ್ಕಡಿಯ ಪಕ್ಕ ಅಲ್ಲಾಡದೆ ನಿಂತಿತ್ತು. ವರ್ತಕ ಎಲ್ಲರನ್ನೂ ಅಲ್ಲಿಗೆ ಓಡಿಸಿದ. ಅಲ್ಲಿ ತಕ್ಕಡಿ ಬಿಟ್ಟು ಏನೂ ಇರಲಿಲ್ಲ. ಅವನ ಬಿಲ್ಲೆಯ ಬ್ಯಾಟರಿ ಬೆಳಿಗ್ಗೆಯೇ ಮುಗಿದಿತ್ತು, ಪರದೆ ಕೊನೆಯ ಚುಕ್ಕಿಯನ್ನೇ ಹಿಡಿದುಕೊಂಡಿತ್ತು. ಮುಖಂಡನ ಚುಕ್ಕಿ ಮಾತ್ರ ಏಳನೆಯ ಸಾಲಿನಲ್ಲಿ ಐದು ಸೆಕೆಂಡಿಗೊಮ್ಮೆ ಇದ್ದಲ್ಲೇ ಕುಪ್ಪಳಿಸುತ್ತಲೇ ಇತ್ತು. ಹಮಾಲರು ಆ ಸಾಲಿಗೆ ನುಗ್ಗಿ ಚೀಲ ಎಳೆದು ಹಾಕಿದರು. ಇಬ್ಬರೂ ಅಲ್ಲೇ ಸಿಕ್ಕರು, ಜೀವಂತವಾಗಿ.

ಮುಖಂಡ ಖಾರಕ್ಕೆ ಏಳೆಂಟು ಸಲ ಸೀನಿ, ಕುಶಲಗಾರ್ತಿಯ ಕಡೆ ತಿರುಗಿದ. “ನೋಡಿದೆಯಾ ತಾಯಿ, ನಮ್ಮ ಕಪ್ಪೆ!” ಅವಳು ಆ ದಿನ ನಡೆದು ಹೋದ ಠೀವಿ ನೋಡಬೇಕಿತ್ತು.

ಗುರು ನಿಲ್ಲಿಸಿದರು. ಶಿಷ್ಯ ಬಿಟ್ಟುಕೊಡಲಿಲ್ಲ. “ಆ ವರ್ತಕನ ಚುಕ್ಕಿ ನಿಖರವಾಗಿರಲಿಲ್ಲ, ಅಷ್ಟೇ. ಎಷ್ಟು ತಪ್ಪಿತ್ತು, ಹೇಳಿ.”

“ಒಂದು ಗೇಣೂ ಇಲ್ಲ ಮಗು, ಬರೀ ಅರ್ಧ ದಿನ.”