ಸಹಿ ಬಿದ್ದ ಖಾಲಿ ಚೀಟಿ

"ತಾತ, ನಾನು ಕಟ್ಟಿದ ಕಟ್ಟನ್ನ ನೀನು ಇನ್ನೂ ಎಷ್ಟು ವರ್ಷ ಮುಟ್ಟಿ ನೋಡ್ತೀಯ?"

ಯರ್ರಣ್ಣ ಹಿಂಗೆ ಕೇಳಿದ. ಮೂಳೆ ಕಟ್ಟೋ ವಿದ್ಯೆ ಕಲಿಯಾಕೆ ನನ್ನ ಹತ್ರ ಬಂದು ಅವನಿಗೆ ಒಂಬತ್ತು ವರ್ಷ ಆಗಿತ್ತು. ಕೈ ಚೆನ್ನಾಗಿ ಪಳಗಿತ್ತು, ಸುಳ್ಳು ಯಾಕೆ ಹೇಳ್ಲಿ. ನನ್ನಷ್ಟು ಅಲ್ಲ. ಈ ಸೀಮೆಯಾಗೆ ನನ್ನಂಥ ಕೈ ಇನ್ನೊಂದಿಲ್ಲ, ಬೇಕಾದ್ರೆ ಕುಂಟದೆ ನಡೆಯೋ ಜನರನ್ನ ಕೇಳು.

"ಕೆಲಸ ಬಂದೋನ ತಲೆ ಮೇಲೆ ಇನ್ನೊಬ್ಬ ಯಾಕೆ ಕುಂತಿರಬೇಕು?" ಅಂದ. "ನನ್ನ ಮೇಲೆ ನಂಬಿಕೆ ಇಲ್ವಾ?"

"ಲೇ, ಬಾಯಿ ಮುಚ್ಕೊಂಡು ಕೂತ್ಕೋ" ಅಂದೆ. "ನಂಬಿ ಕೆಟ್ಟ ಒಬ್ಬ ಡಾಕ್ಟ್ರ ಕತೆ ಹೇಳ್ತೀನಿ."

ಒಬ್ರು ಡಾಕ್ಟ್ರು ಇದ್ರು. ನಾಕು ಊರಿಗೆ ಅವರೊಬ್ರೇ. ಒಂದೊಂದು ಊರಾಗೂ ಒಬ್ಬೊಬ್ಬ ನರ್ಸಮ್ಮನ್ನ ಇಟ್ಟಿದ್ರು. ಅದ್ರಾಗೆ ಒಬ್ಬಳು ಬಲು ಜಾಣೆ. ಯಾವ ಕೆಮ್ಮು ಎಂಥದ್ದು ಅಂತ ಬಾಗಿಲಿಂದಾಚೆನೇ ಹೇಳೋಳು. ನರ್ಸಮ್ಮ ಏನೇ ಔಷಧಿ ಬರೆದ್ರೂ ಡಾಕ್ಟ್ರು ನೋಡಿ ಸಹಿ ಹಾಕಬೇಕು, ಅದು ಕಟ್ಟಳೆ. ಮೊದಮೊದಲು ಹಂಗೇ ನಡೀತು. ಡಾಕ್ಟ್ರು ಬರೋರು, ಒಂದೊಂದೇ ಚೀಟಿ ಓದೋರು, ಸಹಿ ಹಾಕೋರು. ಎರಡು ವರ್ಷ ಓದಿದ್ರೂ ಒಂದು ತಪ್ಪು ಸಿಕ್ಕಲಿಲ್ಲ.

ಆಮೇಲೆ ಡಾಕ್ಟ್ರು ಒಂದು ಉಪಾಯ ಮಾಡಿದ್ರು. ಸೋಮವಾರ ಬರೋದು, ಖಾಲಿ ಚೀಟಿ ಕಟ್ಟು ತಗೊಂಡು ಎಲ್ಲದರ ಬುಡಕ್ಕೂ ಸಹಿ ಹಾಕೋದು, ಹೋಗೋದು. "ಮೇಲೆ ನೀನು ಬರ್ಕೊಳಮ್ಮ. ನೀನು ಬೇರೆ, ನಾನು ಬೇರೆನಾ?" ಅನ್ನೋರು. ನರ್ಸಮ್ಮ ಹಿಗ್ಗಿ ಹೀರೇಕಾಯಾದ್ಲು. ಊರೋರೂ ಅವಳನ್ನ ಚಿಕ್ಕ ಡಾಕ್ಟ್ರಮ್ಮ ಅಂದ್ರು.

ಒಂದಿನ ಒಬ್ಬ ಕುರಿ ಕಾಯೋನು ಬಂದ. ಜ್ವರ, ಬೆವರು, ಸೊಂಟ ನೋವು. ಚೀಟಿ ಬರೆದು ಮಾತ್ರೆ ಕೊಟ್ಲು. ಎಂಟು ದಿನಕ್ಕೆ ತಿರುಗಿ ಬಂದ. ರಕ್ತ ತೆಗೆದು ನೋಡಿದ್ಲು. ಮಲೇರಿಯಾ ಅಲ್ಲ, ಟೈಫಾಯಿಡ್ ಅಲ್ಲ. ಇನ್ನೊಂದು ಚೀಟಿ, ಇನ್ನೊಂದು ಮಾತ್ರೆ. ಮೂರನೇ ಸಲ ಬಂದಾಗ ನಡೆಯೋ ಶಕ್ತಿ ಇರಲಿಲ್ಲ. ಹೆಂಡತಿ ಕತ್ತೆ ಮೇಲೆ ಕೂರಿಸ್ಕೊಂಡು ಬಂದಿದ್ಲು. ಮೈಯಾಗೆ ಬರೀ ಮೂಳೆ, ಮೂಳೆ ಮೇಲೆ ಕಂಬಳಿ, ಅಷ್ಟೇ.

"ಅವ್ವಾ, ಇವನು ಉಳೀತಾನಾ?" ಅಂದ್ಲು ಹೆಂಡತಿ.

ನರ್ಸಮ್ಮ ಚೀಟಿ ತಗೊಂಡ್ಲು. ಪೆನ್ನು ತಗೊಂಡ್ಲು. ಏನು ಬರೀಬೇಕೋ ಗೊತ್ತಾಗಲಿಲ್ಲ. ಚೀಟಿ ಮೇಲ್ಭಾಗ ಖಾಲಿ, ಬುಡದಾಗೆ ಡಾಕ್ಟ್ರ ಸಹಿ. ಅವಳು ಏನು ಗೀಚಿದ್ರೂ ಡಾಕ್ಟ್ರು ಮೊದಲೇ ಒಪ್ಪಿ ಆಗಿತ್ತು. ವಿಷ ಬರೆದ್ರೂ ಒಪ್ಪಿಗೆ, ವಿಭೂತಿ ಬರೆದ್ರೂ ಒಪ್ಪಿಗೆ. ಆಗ ಅವಳು ಏನೂ ಬರೀದೆ ಪೆನ್ನು ಕೆಳಗಿಟ್ಲು. ಅಷ್ಟು ವರ್ಷದಾಗೆ ಅದೇ ಮೊದಲು.

ಸುಮ್ನೆ ಜೋರಾದ ಮಾತ್ರೆ ಒಂದು ಬರೆದು ಕಳಿಸಬಹುದಿತ್ತು. ಯಾರೂ ಕೇಳೋರಿರಲಿಲ್ಲ. ಅವಳು ಕಳಿಸಲಿಲ್ಲ. ಉಳಿದ ಚೀಟಿನೆಲ್ಲ ಸೆರಗಿಗೆ ಕಟ್ಕೊಂಡು, ಕುರಿ ಕಾಯೋನ್ನ ಆಟೋದಾಗೆ ಮಲಗಿಸ್ಕೊಂಡು, ಡಾಕ್ಟ್ರ ಆಸ್ಪತ್ರೆಗೇ ಹೋದ್ಲು.

ಅಲ್ಲಿ ಬಾಗಿಲ ತನಕ ಜನ. ಡಾಕ್ಟ್ರಿಗೆ ರೇಗಿ ಹೋಯ್ತು. "ಸಹಿ ಹಾಕಿ ಕೊಟ್ಟಿದೀನಲ್ಲಮ್ಮ, ಇನ್ನೇನು ನಿಂದು?"

ನರ್ಸಮ್ಮ ಚೀಟಿ ಕಟ್ಟು ಬಿಚ್ಚಿ ಮೇಜಿನ ಮೇಲಿಟ್ಲು. "ಸಹಿ ಕೊಟ್ಟಿದೀರಿ ಸಾರ್. ನನಗೆ ಗೊತ್ತಿಲ್ಲ ಅಂತ ಹೇಳೋಕೆ ಒಂದು ಜಾಗ ಕೊಟ್ಟಿಲ್ಲ."

ಅಷ್ಟು ಜನದ ಮುಂದೆ ಅಂದ್ಲು. ಅವಳ ಕೆಲಸ ಅವತ್ತೇ ಹೋಗಬೇಕಿತ್ತು. ನಾನಾಗಿದ್ರೆ ಓಡಿಸ್ತಿದ್ದೆ, ನಿನ್ನ ಹತ್ರ ಮುಚ್ಚುಮರೆ ಯಾಕೆ. ಡಾಕ್ಟ್ರು ಓಡಿಸಲಿಲ್ಲ. ಕುರಿ ಕಾಯೋನ ಹಳೇ ಚೀಟಿ ಎರಡನ್ನೂ ಕೈಗೆ ತಗೊಂಡ್ರು. ಎರಡರಲ್ಲೂ ಅವರದೇ ಸಹಿ. ಆ ಮನುಷ್ಯನ ಮುಖ ಅವರು ನೋಡ್ತಿದ್ದದ್ದು ಅದೇ ಮೊದಲು. ಎದ್ದು ನಿಂತ್ರು. ಅವನ ಹೊಟ್ಟೆ ಒತ್ತಿದ್ರು, ಬೆನ್ನು ತಟ್ಟಿದ್ರು, ಎದೆಗೆ ಕಿವಿ ಕೊಟ್ರು. ಬಲು ಹೊತ್ತು ನೋಡಿದ್ರು.

"ನನಗೂ ಗೊತ್ತಾಗ್ತಿಲ್ಲಮ್ಮ" ಅಂದ್ರು.

ನಾಕು ಊರು ದೇವರು ಅಂತಿದ್ದ ಮನುಷ್ಯ ಕಣಲೇ ಅದು.

ಅವರಿಗೆ ವಿದ್ಯೆ ಕಲಿಸಿದ ಒಬ್ಬ ಮುದುಕಮ್ಮ ಪಟ್ಟಣದಾಗಿದ್ಲು. ದೊಡ್ಡ ಡಾಕ್ಟ್ರಮ್ಮ. ದೂರದೂರದ ಡಾಕ್ಟ್ರುಗಳು ತಮಗೆ ತಿಳೀದೆ ಇದ್ದದ್ದನ್ನ ಅವಳ ಮುಂದೆ ತಂದಿಡೋರು. ಅವಳಿಗಿಂತ ಮೇಲೆ ಯಾರೂ ಇಲ್ಲ ಅಂತ ಮಾತು. ಡಾಕ್ಟ್ರು ತಮ್ಮ ಜೀಪಿನಾಗೇ ರೋಗಿನ, ಅವನ ಹೆಂಡತಿನ ಕರ್ಕೊಂಡು ಹೋದ್ರು. ಒಳಗೆ ಹೋಗಿ ಅವನನ್ನ ಮಂಚದ ಮೇಲೆ ಮಲಗಿಸಿ, ಕೈ ಕಟ್ಕೊಂಡು ನಿಂತ್ರು. ಅವರ ಹಿಂದೆ ನರ್ಸಮ್ಮ ನಿಂತ್ಲು.

ಮುದುಕಮ್ಮ ಡಾಕ್ಟ್ರ ಮಾತು ಪೂರ್ತಿ ಕೇಳಿದ್ಲು. ಆಮೇಲೆ "ನೀನು ಹೇಳಮ್ಮ" ಅಂತ ನರ್ಸಮ್ಮನ ಮಾತು ಪೂರ್ತಿ ಕೇಳಿದ್ಲು. ಇನ್ನು ಆಯಮ್ಮ ರೋಗದ ಹೆಸರು ಹೇಳ್ತಾಳೆ ಅಂತ ಎಲ್ಲ ಕಾಯ್ತಾ ನಿಂತ್ರು.

ಆಯಮ್ಮ ಹೇಳಲಿಲ್ಲ. ಕುರ್ಚಿ ಬಿಟ್ಟು ಎದ್ಲು. ಮಂಡಿ ಲಟಲಟ ಅಂದ್ವು. ಮಂಚದ ಪಕ್ಕ ಬಗ್ಗಿ, ಕುರಿ ಕಾಯೋನ ಬಾಯಿ ಹತ್ರ ಕಿವಿ ಇಟ್ಟು ಕೇಳಿದ್ಲು: "ಯಪ್ಪಾ, ನಿನಗೇನಾಗೈತೆ ಅಂತ ನಿನಗನ್ಸುತ್ತೆ?"

ನಾನು ಮನುಷ್ಯರಿಗೆ ಕೈ ಮುಗಿಯೋನಲ್ಲ. ಈ ಮಾತು ಬಂದಾಗ ಮಾತ್ರ ಇವತ್ತಿಗೂ ನನ್ನ ಮೈ ಜುಂ ಅನ್ನುತ್ತೆ.

ಅವನು ಹೆಂಡತಿ ಮುಖ ನೋಡಿದ. "ಹೇಳಿದ್ರೆ ನಗ್ತೀರಿ."

"ನಗಲ್ಲ, ಹೇಳು."

"ನನ್ನ ಕುರಿಗೆ ಬಂದಿದ್ದೇ ನನಗೂ ಬಂದೈತೆ ಅನ್ಸುತ್ತೆ ಅವ್ವಾ. ಈ ಸಲ ಹದಿಮೂರು ಕುರಿ ದಿನ ತುಂಬೋ ಮೊದಲೇ ಕಂದು ಹಾಕಿದ್ವು. ಸತ್ತ ಮರಿನೆಲ್ಲ ಈ ಬರಿಗೈಯಾಗೇ ಎಳೆದು ಹಾಕಿದೆ. ಅದಾಗಿ ಹದಿನೈದು ದಿನಕ್ಕೆ ನನಗೆ ಜ್ವರ ಹಿಡೀತು."

ಡಾಕ್ಟ್ರು ಕಣ್ಣು ಮುಚ್ಕೊಂಡ್ರು. ಕುರಿ ಕಂದು ಹಾಕೋ ಆ ರೋಗ ಮನುಷ್ಯರಿಗೂ ಹತ್ತುತ್ತೆ ಅಂತ ಅವರು ಪುಸ್ತಕದಾಗೆ ಓದಿದ್ರು. ಪರೀಕ್ಷೆಯಾಗೆ ಬರೆದೂ ಇದ್ರು.

ನರ್ಸಮ್ಮನಿಗೆ ತಡೆಯೋಕಾಗಲಿಲ್ಲ. "ಯಣ್ಣ, ಮೂರು ಸಲ ಬಂದ್ಯಲ್ಲ, ಇದನ್ನ ನನಗೆ ಯಾಕೆ ಹೇಳಲಿಲ್ಲ?"

"ಜ್ವರ ಎಷ್ಟು ದಿನದಿಂದ ಅಂತ ಕೇಳಿದ್ರಿ, ಹೇಳಿದೆ. ಕುರಿ ಸುದ್ದಿ ಯಾರೂ ಕೇಳಲಿಲ್ಲವ್ವ."

ಆ ರೋಗಕ್ಕೇ ಅಂತ ರಕ್ತ ನೋಡಿದ್ರು. ಅದೇ ಇತ್ತು. ಆರು ವಾರ ಔಷಧಿ ನಡೀತು. ಏಳನೇ ವಾರ ಅವನು ತನ್ನ ಕಾಲ ಮೇಲೆ ಎದ್ದು ಮಂದೆಗೆ ಹೋದ.

ಆಮೇಲೆ ಡಾಕ್ಟ್ರು ಖಾಲಿ ಚೀಟಿಗೆ ಸಹಿ ಹಾಕಲಿಲ್ಲ. ಸೋಮವಾರ ಬಂದು ನರ್ಸಮ್ಮನ ಎದುರು ಸ್ಟೂಲ್ ಎಳ್ಕೊಂಡು ಕೂರೋರು. "ಈ ವಾರ ನಿನಗೆ ತಿಳೀದೆ ಇದ್ದದ್ದು ಯಾವುದು?" ಅಂತ ಅದನ್ನೇ ಮೊದಲು ಕೇಳೋರು. ಅವಳು ಹೇಳೋಳು. ಒಂದೊಂದು ಸಲ ಅವರಿಗೂ ತಿಳೀತಿರಲಿಲ್ಲ. ಆಗ ಇಬ್ಬರೂ ಜೀಪು ಹತ್ತೋರು.

ಕತೆ ಮುಗೀತು. ಯರ್ರಣ್ಣ ತಲೆ ಕೆರ್ಕೊಂಡ.

"ತಿಳೀತು ತಾತ. ನರ್ಸಮ್ಮನ ಮೇಲೆ ಡಾಕ್ಟ್ರು, ಡಾಕ್ಟ್ರ ಮೇಲೆ ಆ ಮುದುಕಮ್ಮ. ಕೊನೆಗೆ ಅವಳೇ ಎಲ್ಲರಿಗಿಂತ ಮೇಲೆ. ಅವಳು ಹೋಗಿ ಕೇಳೋಕೆ ಇನ್ನು ಯಾರೂ ಇಲ್ಲ."

"ಯಾರೂ ಇಲ್ಲ ಅಂದ್ರೆ, ಆಯಮ್ಮ ಬಗ್ಗಿ ಕೇಳಿದ್ದು ಯಾರನ್ನಲೇ?" ಅಂದೆ.